ಚೆಂಡು ಕಳಿಸಲು ಕಲಿಸಿದ ತಾತ

ತಾತನ ಬಲಗಾಲಿನ ಹೆಬ್ಬೆರಳು ಉಳಿದ ನಾಲ್ಕು ಬೆರಳುಗಳ ಜೊತೆ ಮುನಿಸಿಕೊಂಡಂತೆ ದೂರ ಸರಿದು ನಿಂತಿತ್ತು. ಬೇರಿಕೆ ಎಂಬ ಊರಿನ ಕಡೆ ಅರ್ಧ ಆಯುಷ್ಯ ಕೆಸರಿನ ಬದುಗಳ ಮೇಲೆ ಬರಿಗಾಲಲ್ಲಿ ನಿಂತು ಹೊಲಕ್ಕೆ ನೀರು ಕಟ್ಟಿದ ಕಾಲು ಅದು. ಹೊಸೂರಿನ ಅಂಚಿನ ಅವಲಪಲ್ಲಿಯಲ್ಲಿ, ಹಸಿರು ಕಾರ್ಪೆಟ್ ಹಾಸಿದ ಮಿನಿ ಗಾಲ್ಫ್ ಅಂಗಳವೊಂದರಲ್ಲಿ ಕೆಲಸಕ್ಕೆ ಸೇರಿದ ಮೇಲೂ ಅವರು ಚಪ್ಪಲಿ ಮೆಟ್ಟಲಿಲ್ಲ. ನನಗೆ ಚೆಂಡಿನ ದಾರಿ ತೋರಿಸಿದ್ದು ಆ ಹೆಬ್ಬೆರಳೇ.

ನಾನು ಪಾವಗಡದವನು. ಹೊಸೂರಿನ ಕಾರ್ಖಾನೆಯೊಂದರಲ್ಲಿ ಕ್ವಾಲಿಟಿ ವಿಭಾಗ ನೋಡಿಕೊಳ್ಳುತ್ತೇನೆ. ನಮ್ಮಲ್ಲಿಗೆ ಹೊಸದಾಗಿ ಬಂದ ದೊಡ್ಡ ಸಾಹೇಬರಿಗೆ ಗಾಲ್ಫ್ ಹುಚ್ಚು. ಭಾನುವಾರ ಅವರ ಜೊತೆ ಮೈದಾನದಲ್ಲಿದ್ದವರ ಮಾತು ಸೋಮವಾರ ಆಫೀಸಿನಲ್ಲಿ ನಡೆಯುತ್ತಿತ್ತು. ನನಗೂ ಆ ಗುಂಪಿಗೆ ಸೇರುವ ಆಸೆ. ಕೋಲು ಹಿಡಿದು ಹೋದೆ. ದೂರದ ಹೊಡೆತ ಹೇಗೋ ಒಲಿಯಿತು. ಆದರೆ ಗುಂಡಿಯ ಹತ್ತಿರ ಬಂದು ಕೊನೆಗೆ ಚೆಂಡನ್ನು ಮೆಲ್ಲಗೆ ಉರುಳಿಸುವ ಪಟಿಂಗ್ ಇದೆಯಲ್ಲ, ಅಲ್ಲಿ ನನ್ನ ಮಾನ ಹರಾಜಾಗುತ್ತಿತ್ತು. ಮೂರಡಿಯಿಂದಲೂ ತಪ್ಪುತ್ತಿದ್ದೆ. ಸಾಹೇಬರು ನಗುತ್ತಿರಲಿಲ್ಲ, ವಾಚು ನೋಡಿಕೊಳ್ಳುತ್ತಿದ್ದರು. ಅದಕ್ಕಿಂತ ನಕ್ಕಿದ್ದರೇ ಚೆನ್ನಾಗಿತ್ತು.

ಮಗಳ ಗೆಳತಿಯ ಹುಟ್ಟುಹಬ್ಬಕ್ಕೆಂದು ಅವಲಪಲ್ಲಿಯ ಆ ಜಾಗಕ್ಕೆ ಹೋಗಿದ್ದೆ. ಮಕ್ಕಳು ಕೇಕು ತಿನ್ನುತ್ತಿದ್ದಾಗ ಒಬ್ಬನೇ ನಾಲ್ಕು ಚೆಂಡು ಉರುಳಿಸಿದೆ. ನಾಲ್ಕೂ ಪಕ್ಕದ ಕಟ್ಟೆಗೆ ಬಡಿದವು. "ಎಲ್ಲಾ ನನ್ನ ಹಣೆಬರಹ" ಎಂದು ಗೊಣಗಿಕೊಂಡೆ. ಅದು ನೀರಿನ ಪೈಪು ಹಿಡಿದು ನಿಂತಿದ್ದ ತಾತನಿಗೆ ಕೇಳಿಸಿತು.

"ಹಣೆಬರಹ ಅಲ್ಲ ಕಣ್ಲಾ, ನೀನು ಗುಂಡೀನೇ ನೋಡ್ತಾ ಇದ್ದೀಯ. ಹೊಲಕ್ಕೆ ನೀರು ಬಿಡೋವಾಗ ಹೊಲ ನೋಡ್ಕಂಡು ಕುಂತ್ಕತಾರಾ? ಕಾಲ್ವೆ ಎಲ್ಲಿ ತಿರುಗ್ತದೋ ಅದ್ನ ನೋಡ್ಬೇಕು."

ಪೈಪಿನ ನೀರನ್ನು ಕಾರ್ಪೆಟ್ಟಿನ ಮೇಲೆ ಬಿಟ್ಟರು. ನೇರ ಎಂದು ನಾನು ತಿಳಿದಿದ್ದ ಜಾಗದಲ್ಲಿ ನೀರು ಎಡಕ್ಕೆ ಬಾಗಿ, ಗುಂಡಿಯ ಪಕ್ಕದಿಂದ ಹರಿದುಹೋಯಿತು. ಗುಂಡಿಗಿಂತ ಒಂದು ಗೇಣು ಬಲಕ್ಕೆ ಹೆಬ್ಬೆರಳು ಊರಿ ಹೇಳಿದರು: "ಇಲ್ಲಿಗೆ ಕಳ್ಸು. ಹೊಡೀಬ್ಯಾಡ, ಕಳ್ಸು. ಮಿಕ್ಕಿದ್ದು ನೆಲ ನೋಡ್ಕತದೆ."

ಕಳಿಸಿದೆ. ಬಿತ್ತು.

ಅಂದಿನಿಂದ ಶನಿವಾರ ಬೆಳಿಗ್ಗೆ, ಮಕ್ಕಳು ಬರುವ ಮೊದಲೇ ಹೋಗುತ್ತಿದ್ದೆ. ಮಗಳು ತಾತ ಎಂದಳು, ನಾನೂ ಹಾಗೇ ಕರೆದೆ. ತಿರುಗುವ ಗಾಳಿಯಂತ್ರದ ರೆಕ್ಕೆಗಳ ನಡುವೆ ಚೆಂಡು ತೂರಿಸುವ ಕಡೆ ನನ್ನ ಅವಸರ ಬಿಡಿಸಿದರು. ಕಟ್ಟೆಗೆ ತಗುಲಿಸಿ ತಿರುಗಿಸುವ ಕಡೆ ಎಷ್ಟು ಜೋರು ಸಾಕು ಎನ್ನುವುದನ್ನು ಕೈಗೆ ಹತ್ತಿಸಿದರು. ತಮಿಳರು ಬಂದರೆ ತಮಿಳು, ನಾನು ಬಂದರೆ ಕನ್ನಡ. ಅವರ ಮನೆಯಲ್ಲಿ ಯಾರಿದ್ದಾರೆ, ಏನು ಮಾತಾಡುತ್ತಾರೆ ಎಂದು ನಾನು ಒಂದು ದಿನವೂ ಕೇಳಲಿಲ್ಲ. ಅವರು ಮಾತ್ರ ಪ್ರತಿವಾರ ಕೇಳುತ್ತಿದ್ದರು: "ಏನ್ಲಾ, ಹೋದ್ವಾರ ಎಷ್ಟು ಕಳ್ಸಿದೆ?" ಒಮ್ಮೆ ಮಾತ್ರ ತಮಗಾಗಿ ಕೇಳಿದರು. "ನಿಮ್ಮ ದೊಡ್ಡ ಮೈದಾನದ ಹುಲ್ಲು ನೋಡ್ಬೇಕಲ್ಲೋ. ಒಂದ್ಸಲ ಕರ್ಕೊಂಡೋಗು." ನೋಡೋಣ ತಾತ ಎಂದೆ. ಸಾಹೇಬರ ಕಾರುಗಳ ನಡುವೆ ಬರಿಗಾಲಿನ ತಾತನನ್ನು ಇಳಿಸುವುದನ್ನು ನೆನೆದೇ ನನಗೆ ಮುಜುಗರವಾಗಿತ್ತು. ಕರೆದುಕೊಂಡು ಹೋಗಲಿಲ್ಲ.

ನಾಲ್ಕು ತಿಂಗಳಲ್ಲಿ ನನ್ನ ಪಟಿಂಗ್ ನೋಡಿ ಸಾಹೇಬರೇ ಹುಬ್ಬೇರಿಸಿದರು. ಯಾವ ಕೋಚ್ ಎಂದು ಕೇಳಿದರು. ಬೆಂಗಳೂರಿನಲ್ಲಿ ಒಬ್ಬರಿದ್ದಾರೆ ಸಾರ್ ಎಂದೆ. ಮಕ್ಕಳ ಆಟದ ಜಾಗ, ಪೈಪು ಹಿಡಿದ ತಾತ, ಇದನ್ನೆಲ್ಲ ಹೇಳಿ ನಗೆಪಾಟಲಾಗುವುದು ಯಾರಿಗೆ ಬೇಕಿತ್ತು?

ಆಮೇಲೆ ಒಂದು ಭಾನುವಾರ ಆಫೀಸಿನವರೆಲ್ಲ ಮನೆಮಂದಿ ಸಮೇತ ಸೇರುವ ಕೂಟ ಇಟ್ಟುಕೊಂಡರು. ಜಾಗ ಗೊತ್ತು ಮಾಡಿದವರು ಬೇರೆ ಯಾರೋ. ಹೋಗಿ ಇಳಿದರೆ ಅದೇ ಮಿನಿ ಗಾಲ್ಫ್. ನಾನು ಸಾಹೇಬರ ಪಕ್ಕದಲ್ಲಿ ನಿಂತಿದ್ದಾಗ ತಾತ ದೂರದಿಂದಲೇ ಮುಖ ಅರಳಿಸಿಕೊಂಡು ಬಂದರು. ಎಲ್ಲರ ಎದುರಿಗೆ ನನ್ನ ಬೆನ್ನು ತಟ್ಟಿ, "ಏನ್ಲಾ, ಸರ್ಯಾಗಿ ಕಳಿಸ್ತಾ ಇದ್ದೀಯೇನ್ಲಾ?" ಎಂದರು.

ಸಾಹೇಬರು ತೆಲುಗಿನವರು. ಯಾರಿವರು ಎಂದು ನನ್ನನ್ನು ತೆಲುಗಿನಲ್ಲೇ ಕೇಳಿದರು. ನಮ್ಮ ಪಾವಗಡದಲ್ಲಿ ತೆಲುಗು ಬಾರದವರು ಯಾರು? ತಾತನಿಗೆ ಅರ್ಥವಾಗುವುದಿಲ್ಲ ಎಂಬ ಧೈರ್ಯದಲ್ಲಿ ನಾನೂ ತೆಲುಗಿನಲ್ಲೇ ಹೇಳಿದೆ: "ಎವರೂ ಲೇದು ಸಾರ್. ಗಡ್ಡಿ ಕೋಸೇವಾಡು. ಕೊಂಚೆಂ ಚನುವು ಎಕ್ಕುವ." ಯಾರೂ ಅಲ್ಲ ಸಾರ್, ಹುಲ್ಲು ಕೊಯ್ಯುವವನು, ಸ್ವಲ್ಪ ಸಲಿಗೆ ಜಾಸ್ತಿ. ಆ ಅಂಗಳದಲ್ಲಿ ಕೊಯ್ಯುವುದಕ್ಕೆ ಒಂದು ಎಳೆ ಹುಲ್ಲೂ ಇರಲಿಲ್ಲ. ಬಾಯಿಗೆ ಬಂದದ್ದು ಅದು, ಅದೂ ಏಕವಚನದಲ್ಲಿ. ಸಾಹೇಬರು ನಕ್ಕರು, ನಾನೂ ನಕ್ಕೆ. ತಾತ ನನ್ನ ಬೆನ್ನ ಮೇಲಿದ್ದ ಕೈ ತೆಗೆದು, ಪೈಪು ಸುತ್ತಿಕೊಂಡು ಹೋದರು.

ಮುಂದಿನ ಶನಿವಾರ ಹೋದಾಗ "ಬನ್ನಿ ಸಾರ್" ಎಂದರು.

ಅದೇ ತಾತ, ಅದೇ ಪಾಠ. ಒಂದಿಷ್ಟೂ ಕಡಿಮೆ ಮಾಡಲಿಲ್ಲ. "ಕಾಲು ಸ್ವಲ್ಪ ಅಗಲ ಇಡಿ ಸಾರ್. ಅವಸರ ಬ್ಯಾಡಿ ಸಾರ್." ಚೆಂಡು ಎಲ್ಲಿಗೆ ಕಳಿಸಬೇಕೆಂದು ತೋರಿಸಲು ಮಾತ್ರ ಒಂದು ಕಡ್ಡಿ ತಂದಿಟ್ಟುಕೊಂಡಿದ್ದರು. ಹೆಬ್ಬೆರಳು ಊರಲಿಲ್ಲ. ಸಾಹೇಬರ ಜೊತೆ ನನ್ನನ್ನು ನೋಡಿ ನಾನೆಷ್ಟು ದೊಡ್ಡ ಮನುಷ್ಯನೆಂದು ತಾತನಿಗೆ ಈಗ ಗೊತ್ತಾಗಿದೆ ಎಂದುಕೊಂಡೆ. ಸುಳ್ಳು ಯಾಕೆ ಹೇಳಲಿ, ನನಗೆ ಹಿತವಾಗಿತ್ತು. ಥೂ, ನನ್ನ ಜನ್ಮಕ್ಕಿಷ್ಟು.

ಕೆಲವು ತಿಂಗಳಲ್ಲಿ ಸಾಹೇಬರ ಗುಂಪಿನಲ್ಲಿ ನನ್ನ ಜಾಗ ಗಟ್ಟಿಯಾಯಿತು. ಶನಿವಾರ ಬಿಡುವು ಸಿಗದಂತಾಯಿತು, ಅಥವಾ ಹಾಗೆಂದು ಹೇಳಿಕೊಂಡೆ. ಮೊನ್ನೆ ಮಾರ್ಚಿನಲ್ಲಿ ಮಿನಿ ಗಾಲ್ಫ್ ನಡೆಸುವವರು ಫೋನು ಮಾಡಿದರು. ತಾತ ಬೆಳಿಗ್ಗೆ ಕೆಲಸಕ್ಕೆ ಹೊರಟವರು ಬಾಗಿಲಲ್ಲೇ ಕುಸಿದು ತೀರಿಕೊಂಡರಂತೆ.

ಊರು ಬೇರಿಕೆಯಿಂದ ಸ್ವಲ್ಪ ಒಳಗೆ. ಮನೆ ಇನ್ನೂ ಕಾಣುವ ಮೊದಲೇ ಅಳು ಕೇಳಿಸಿತು. "ನಾಯನಾ, ನಾಯನಾ" ಎನ್ನುತ್ತಿದ್ದರು. ಅಪ್ಪನನ್ನು ಹಾಗೆ ಕರೆಯುವುದು ತೆಲುಗಿನವರು. ನನ್ನ ಕಾಲು ಅಲ್ಲೇ ನಿಂತುಬಿಟ್ಟಿತು. ಅಂಗಳದ ತುಂಬ ತೆಲುಗು. ಮುದುಕಿಯರು ತೆಲುಗಿನಲ್ಲಿ ಹಾಡಿ ಹಾಡಿ ಅಳುತ್ತಿದ್ದರು, ಗಂಡಸರು ತೆಲುಗಿನಲ್ಲಿ ಬಿದಿರು ತರಲು ಹೇಳುತ್ತಿದ್ದರು. ಅದು ತಾತನ ಮನೆಮಾತು, ಹುಟ್ಟಿದಾಗಿನಿಂದ ಆಡಿದ ಮಾತು. ಆ ಭಾನುವಾರ ನಾನಂದದ್ದರಲ್ಲಿ ಒಂದಕ್ಷರವೂ ಅವರಿಗೆ ತಪ್ಪಿರಲಿಲ್ಲ. ಅದಾದ ಮೇಲೂ ತಿಂಗಳುಗಟ್ಟಲೆ ನನಗೆ ಕಲಿಸಿದ್ದರು.

ತಾತನನ್ನು ಚಾಪೆಯ ಮೇಲೆ ಮಲಗಿಸಿದ್ದರು. ಎರಡೂ ಹೆಬ್ಬೆರಳುಗಳನ್ನು ಸೇರಿಸಿ ಬಟ್ಟೆಯ ಚೂರಿನಿಂದ ಕಟ್ಟಿದ್ದರು. ನಾನು ಆ ಕಾಲು ಮುಟ್ಟಿ ಹಣೆಗೊತ್ತಿಕೊಂಡೆ.

ಮಗಳಿರಬೇಕು, ನನ್ನ ವಯಸ್ಸಿನ ಹೆಂಗಸು, ಕಣ್ಣೊರೆಸಿಕೊಂಡು ಹತ್ತಿರ ಬಂದಳು. "ಮೀರೇನಾ ಚೆಂಡು ಸಾರು?" ಚೆಂಡಿನ ಸಾರ್ ನೀವೇನಾ? ಅಪ್ಪ ಮನೆಯಲ್ಲಿ ನಿಮ್ಮ ಮಾತೇ ಆಡುತ್ತಿದ್ದರು, ನನಗೊಬ್ಬ ಶಿಷ್ಯ ಇದ್ದಾನೆ ಎನ್ನುತ್ತಿದ್ದರು ಎಂದು ತೆಲುಗಿನಲ್ಲೇ ಹೇಳುತ್ತಾ ಹೋದಳು. ನಾನು ತಾತನ ಹೆಬ್ಬೆರಳುಗಳನ್ನೇ ನೋಡುತ್ತಿದ್ದೆ. ಅವಳು ನನ್ನ ಮುಖ ನೋಡಿ ನಿಲ್ಲಿಸಿದಳು.

"ನಿಮ್ಗೆ ತೆಲುಗು ಬತ್ತದಾ ಸಾರ್?"

"ಇಲ್ಲಮ್ಮ" ಎಂದೆ.

"ಅಯ್ಯೋ, ಪರವಾಗಿಲ್ಲ ಬುಡಿ ಸಾರ್" ಎಂದು ಅವಳು ಒಳಗಿದ್ದವರ ಕಡೆ ತಿರುಗಿ ಏನೋ ಹೇಳಿದಳು. ಅಷ್ಟು ಹೊತ್ತು ತೆಲುಗಿನಲ್ಲಿ ಅಳುತ್ತಿದ್ದ ಆ ಮನೆ, ನನ್ನೊಬ್ಬನಿಗಾಗಿ ಕನ್ನಡದಲ್ಲಿ ಮಾತಾಡತೊಡಗಿತು.