ಮಿಸೌರಿ ಸಿಟಿಯ ರಾಹುಕಾಲ

ಶ್ರೀಪತಿ ಪುರೋಹಿತನೇನಲ್ಲ. ವಾರಕ್ಕೆ ಐದು ದಿನ ಚಿಪ್ ಪರೀಕ್ಷಿಸುವ ಇಂಜಿನಿಯರ್. ಮೈಸೂರಿನಲ್ಲಿ ತಾತನ ಪಕ್ಕ ಕುಳಿತು ನಾಲ್ಕು ಮಂತ್ರ ಕಲಿತಿದ್ದ, ಅಷ್ಟೆ. ಆದರೆ ಹಾಳೂರಿಗೆ ಉಳಿದವನೇ ಗೌಡ. ಆಸ್ಟಿನ್ನಿನಿಂದ ಹ್ಯೂಸ್ಟನ್‌ವರೆಗೆ ಕನ್ನಡದ ಮನೆಗಳಿಗೆಲ್ಲ ಅವನೇ ಭಟ್ಟನಾದ. ಆ ಮರ್ಯಾದೆ ಅವನಿಗೆ ಹಿತವಾಗಿಯೂ ಇತ್ತು, ಮುಚ್ಚಿಡುವುದೇಕೆ? ಬೆಂಗಳೂರಿನಿಂದ ತರಿಸಿದ ಕ್ಯಾಲೆಂಡರ್ ನೋಡಿ ಅವನು ಹೇಳಿದ ಹೊತ್ತನ್ನು ಯಾರೂ ಮೀರುತ್ತಿರಲಿಲ್ಲ.

೨೦೦೧ರ ಫೆಬ್ರವರಿಯ ಒಂದು ಶನಿವಾರ ಹ್ಯೂಸ್ಟನ್ ಪಕ್ಕದ ಮಿಸೌರಿ ಸಿಟಿಯಲ್ಲಿ ಜಯದೇವಿಯ ಗೃಹಪ್ರವೇಶ. ಅಮೆರಿಕದಲ್ಲಿ ಶುಭದಿನಗಳೆಲ್ಲ ಶನಿವಾರ, ಭಾನುವಾರವೇ ಬರುತ್ತವೆ, ಅದೇನು ಪುಣ್ಯವೋ! ಶ್ರೀಪತಿ ಹಿಂದಿನ ದಿನವೇ ಕಾರಿನಲ್ಲಿ ಬಂದು ಇಳಿದಿದ್ದ. ತಂದೆತಾಯಿ ಇಲ್ಲದ ಜಯದೇವಿಗೆ ತವರೆಂದರೆ ಅಣ್ಣ ಪ್ರಹ್ಲಾದ್ ಒಬ್ಬನೇ. ಅವನು ಆಸ್ಟಿನ್ ಪಕ್ಕದ ಸೀಡರ್ ಪಾರ್ಕಿನಲ್ಲಿ ಡಾಕ್ಟರ್. ನಾಲ್ಕು ಸೀಟಿನ ಪುಟ್ಟ ವಿಮಾನ ಹಾರಿಸುವ ಹುಚ್ಚು ಬೇರೆ. ಅದರಲ್ಲೇ ಬರುವವನಿದ್ದ.

ಬೆಳಿಗ್ಗೆ ಏಳಕ್ಕೆ ಅವನ ಫೋನು ಬಂತು.

"ಭಟ್ರೇ, ನಿಮ್ಮ ಕಡೆ ದಟ್ಟ ಮಂಜಂತೆ. ಒಂದು ಗಂಟೆ ಬಿಟ್ಟು ಹೊರಟ್ರೆ ಒಂಬತ್ತೂವರೆಗೆ ಮನೇಲಿರ್ತೀನಿ. ಆಗುತ್ತಾ?"

"ಒಂಬತ್ತಕ್ಕೆ ರಾಹುಕಾಲ ಶುರು ಕಣಯ್ಯಾ. ಅಷ್ಟರೊಳಗೆ ಹೊಸ್ತಿಲು ದಾಟ್ಬೇಕು. ಬರೋದಾದ್ರೆ ಈಗ್ಲೇ ಹೊರಡು."

"ಸರಿ. ಅಣ್ಣ ಬರ್ತಾನೆ ಅಂತ ಅವಳಿಗೆ ಹೇಳ್ಬಿಡಿ."

ಎಂಟೂ ಮುಕ್ಕಾಲಾದರೂ ಅವನ ಸುಳಿವಿಲ್ಲ. ಎದುರು ಮನೆ ಕಾಣದಷ್ಟು ಮಂಜು. "ಇನ್ನೈದು ನಿಮಿಷ ಕಾಯೋಣ" ಎಂದು ಜಯದೇವಿ ಅಂಗಲಾಚಿದಳು. ಶ್ರೀಪತಿ ಗಡಿಯಾರ ತೋರಿಸಿದ. ಅವಳು ಕಣ್ಣೊರೆಸಿಕೊಂಡು ಬಲಗಾಲಿಟ್ಟು ಒಳಗೆ ಬಂದಳು.

ಒಂಬತ್ತೂಕಾಲಿಗೆ ಬಿಸಿಲು ಬಿತ್ತು. ಹತ್ತರ ಹೊತ್ತಿಗೆ ಪೊಲೀಸರ ಫೋನು ಬಂತು. ಇಪ್ಪತ್ತು ಮೈಲಿ ಆಚೆ ವಿಮಾನ ಮಂಜಿನಲ್ಲಿ ಕರೆಂಟ್ ತಂತಿಗೆ ಸಿಕ್ಕಿ ಹೊಲಕ್ಕೆ ಬಿದ್ದಿತ್ತು. ಪ್ರಹ್ಲಾದ್ ಉಳಿಯಲಿಲ್ಲ.

ಉತ್ತರಕ್ರಿಯೆಯೂ ಶ್ರೀಪತಿಯ ಪಾಲಿಗೇ ಬಂತು. ಹೊತ್ತು ನೋಡಲು ಕ್ಯಾಲೆಂಡರ್ ಬಿಚ್ಚಿದಾಗ, ರಾಹುಕಾಲದ ಪಟ್ಟಿಯ ಕೆಳಗಿನ ಸಣ್ಣಕ್ಷರ ಮೊದಲ ಬಾರಿಗೆ ಕಣ್ಣಿಗೆ ಬಿತ್ತು: ಸೂರ್ಯೋದಯ ಆರು ಗಂಟೆಗೆ ಎಂಬ ಲೆಕ್ಕದಲ್ಲಿ. ಮಿಸೌರಿ ಸಿಟಿಯಲ್ಲಿ ಆ ದಿನ ಸೂರ್ಯ ಹುಟ್ಟಿದ್ದು ಏಳು ದಾಟಿದ ಮೇಲೆ. ದಿನವಿಡೀ ಲೆಕ್ಕದಲ್ಲೇ ಮುಳುಗಿರುವ ಇಂಜಿನಿಯರ್ ಈ ಲೆಕ್ಕವನ್ನು ಒಮ್ಮೆಯೂ ಮಾಡಿರಲಿಲ್ಲ! ಈಗ ಮಾಡಿದ. ಚಳಿಗಾಲದ ಗಿಡ್ಡ ಹಗಲನ್ನು ಲೆಕ್ಕಕ್ಕೆ ಹಿಡಿದರೂ ಅಲ್ಲಿ ರಾಹುಕಾಲ ಶುರುವಾಗುವುದು ಒಂಬತ್ತು ಐವತ್ತಕ್ಕೆ. ಪ್ರಹ್ಲಾದ್ ಕೇಳಿದ ಒಂದು ಗಂಟೆ ಧಾರಾಳವಾಗಿ ಇತ್ತು. ಶ್ರೀಪತಿಗೆ ತನ್ನ ಮೇಲೆ ತನಗೇ ಹೇಸಿಗೆಯಾಯಿತು.

ಮರುದಿನವೇ ಹೋಗಿ ಪ್ರಹ್ಲಾದನ ಹೆಂಡತಿ ಕೃಷ್ಣವೇಣಿಗೆ ಎಲ್ಲ ಹೇಳಿದ.

"ನಿಮ್ಮನ್ನ ಕ್ಷಮಿಸೋಕೆ ನನ್ನಿಂದಾಗಲ್ಲ," ಎಂದಳು ಆಕೆ. "ಆದ್ರೆ ಜಯದೇವಿಗೆ ಮಾತ್ರ ಹೇಳ್ಬೇಡಿ. ಅವಳು ಆ ಮನೇಲಿ ಬಾಳ್ಬೇಕು."

ಹದಿಮೂರನೆಯ ದಿನ ಊಟವಾದ ಮೇಲೆ ಜಯದೇವಿ ತಾನಾಗಿಯೇ ಅವನ ಹತ್ತಿರ ಬಂದಳು.

"ನಾನು ಕಾಯೋಣ ಅಂದೆ, ನೀವು ಬೇಡ ಅಂದ್ರಿ. ಆ ಹೊತ್ತು ಸರಿಯಾಗೇ ಇತ್ತಲ್ವಾ?"

ಬಾಗಿಲ ಬಳಿ ಕೃಷ್ಣವೇಣಿ ನಿಂತಿದ್ದಳು.

"ಸರಿಯಾಗಿತ್ತಮ್ಮ," ಎಂದ ಶ್ರೀಪತಿ.

ಜಯದೇವಿ ಬಗ್ಗಿ ಅವನ ಕಾಲಿಗೆ ನಮಸ್ಕಾರ ಮಾಡಿದಳು.