ಬಾಗಿಲಿಗೆ ಅಡ್ಡ ಹಿಡಿದ ಕೈ

ಮೂರು ವರ್ಷದ ಹಿಂದೆ, ದೀಪ ಹಚ್ಚುವ ಹೊತ್ತಿಗೆ, ಬಸವಕಲ್ಯಾಣದ ನನ್ನ ಹೆಂಡತಿಯ ತವರುಮನೆಯ ಬಾಗಿಲಿನ ಎಡಕ್ಕೆ, ಚಪ್ಪಲಿ ಬಿಟ್ಟ ಕಡೆ ನಾನು ನಿಂತಿದ್ದೆ. ಅವಳ ತಮ್ಮ ಮದುವೆಯಾಗಿ ಹೆಂಡತಿಯನ್ನು ಮನೆ ತುಂಬಿಸಿಕೊಳ್ಳುವ ಸಂಜೆ. ಗಂಡನ ಹೆಸರನ್ನು ಪ್ರಾಸ ಕಟ್ಟಿದ ಒಡಪಿನಲ್ಲಿ ಹೇಳದೆ ಹೊಸ ಸೊಸೆ ಹೊಸ್ತಿಲು ದಾಟುವಂತಿಲ್ಲ. ಆ ಹುಡುಗಿಗೆ ಬಾಯೇ ಬರಲಿಲ್ಲ.

ಆಗ ನನ್ನ ಹೆಂಡತಿಯ ಸೋದರಮಾವನ ಮಗ ಬಾಗಿಲಿಗೆ ಕೈ ಅಡ್ಡ ಹಿಡಿದು, ಮದುಮಗಳ ಪಕ್ಕದಲ್ಲಿದ್ದ ನನ್ನ ಹೆಂಡತಿಗೆ ಅಂದ:

"ಅಕಿಗೆ ನಾಚಿಕಿ. ಮೊದಲ ನೀ ಹೇಳಿ ತೋರ್ಸು."

"ಮಾವಾ, ಕೈ ತಗಿ. ಎರಡು ಮಕ್ಕಳ ತಾಯಿ ಜೋಡಿ ಇದೇನ್ ಮಷ್ಕಿರಿ?"

"ಮಕ್ಕಳಾದ್ರ ಗಂಡನ ಹೆಸರು ಮರೀತದೇನು?"

ಅವಳು ಸೆರಗು ಸರಿಮಾಡಿಕೊಂಡು ಅವನನ್ನೇ ನೋಡಿದಳು. ನೋಡುತ್ತಲೇ ಕಟ್ಟಿದಳು:

"ಹುಮನಾಬಾದ್ ದಾರ್ಯಾಗ ಕಬ್ಬಿನ ಗಾಡಿ ಸಾಲು,
ಬಾಗಲಾ ತಡದ ಮಾವಗ ಸಕ್ಕರಿ ಇಲ್ಲದ ಹಾಲು,
ಸಕ್ಕರಿಯೆಲ್ಲಾ..."

ಇಲ್ಲಿ ನನ್ನ ಹೆಸರು ಬಂತು. "...ಅವರ ಪಾಲು!"

ಮನೆಯೆಲ್ಲ ಚಪ್ಪಾಳೆ. ಒಡಪಿನಲ್ಲಿ ಸಕ್ಕರೆ ನನಗೆ ಬಂತು, ನಗು ಅವನಿಗೆ ಹೋಯಿತು. ನಮ್ಮ ಮದುವೆಯಲ್ಲಿ ಅವಳು ಯಾರೋ ಕಲಿಸಿದ ಒಡಪನ್ನು ತಲೆ ತಗ್ಗಿಸಿ ಒಪ್ಪಿಸಿದ್ದಳು. ಅವಳಿಗೆ ಹೀಗೆ ಕಟ್ಟಲು ಬರುತ್ತದೆಂದು ನನಗೆ ಗೊತ್ತಿರಲಿಲ್ಲ.

ಮಗಳು ಇದನ್ನು ಫ್ಲರ್ಟ್ ಅನ್ನುತ್ತಾಳೆ. ನಮ್ಮ ಕಡೆ ಮಷ್ಕಿರಿ. ಅದು ಎಲ್ಲರಿಗೂ ಸಲ್ಲುವುದಿಲ್ಲ. ಹುಮನಾಬಾದ್ ಬಸ್ ನಿಲ್ದಾಣದಲ್ಲಿ ಪರಗಂಡಸು ಹೀಗೆ ದಾರಿ ತಡೆದರೆ ಏಟು ತಿನ್ನುತ್ತಾನೆ. ಮಾವನ ಮಗನಿಗೆ ಹಕ್ಕಿದೆ, ಯಾಕೆಂದರೆ ಅವನು ಅವಳನ್ನು ಮದುವೆಯಾಗಬಹುದಿತ್ತು. ಆಗದ ಮದುವೆಯ ಬದಲಿಗೆ ಹಿರಿಯರು ಅವನಿಗೆ ಬಿಟ್ಟುಕೊಟ್ಟದ್ದು ಇಷ್ಟು. ಗಂಡ ಸಿಟ್ಟಾದರೆ ನಗೆಪಾಟಲಾಗುವವನು ಗಂಡನೇ. ನಾನೂ ನಕ್ಕೆ.

ನಮ್ಮೂರು ಹುಮನಾಬಾದಿಗೆ ಮರಳಿದ ಮೇಲೆ ಒಂದು ಬೆಳಿಗ್ಗೆ ಅಡುಗೆಮನೆಯ ಬಾಗಿಲಿಗೆ ನಾನೂ ಕೈ ಅಡ್ಡ ಹಿಡಿದೆ.

"ಹೆಸರು ಹೇಳಿದ್ರ ದಾರಿ."

ಅವಳು ನನ್ನ ಮುಖ ನೋಡಿದಳು. ನನಗೆ ಮೈಯಲ್ಲಿ ಹುಷಾರಿಲ್ಲವೇನೋ ಅನ್ನುವ ಹಾಗೆ.

"ಬಾಜೂಕ ಸರೀರಿ, ಹಾಲು ಉಕ್ಕಾಕತ್ತದ."

ಕೈ ತೆಗೆದೆ. ಹಾಲು ನಿಜವಾಗಿಯೂ ಉಕ್ಕುತ್ತಿತ್ತು.

ಮನೆ ತುಂಬಿಸಿಕೊಂಡ ಆ ಸಂಜೆ ಆರತಿ ತಟ್ಟೆ ಹಿಡಿದು ಹತ್ತಿರದಿಂದ ನೋಡಿದ ನನ್ನ ಅತ್ತೆ ಈಗಿಲ್ಲ. ಮದುಮಗಳು ತಲೆ ಎತ್ತಿರಲಿಲ್ಲ. ನನ್ನ ಹೆಂಡತಿ ಅವನನ್ನು ನೋಡಿದ ಬಗೆಯನ್ನು ನನ್ನ ಹಾಗೆ ಕಂಡವರು ಇನ್ನೊಬ್ಬರಿದ್ದಾರೆ: ನನ್ನ ಪಕ್ಕದಲ್ಲೇ, ಮಲಗಿದ ಮಗುವನ್ನು ಹೆಗಲಿಗೆ ಹಾಕಿಕೊಂಡು ನಿಂತಿದ್ದ ಆ ಮಾವನ ಮಗನ ಹೆಂಡತಿ. ಚಪ್ಪಾಳೆ ತಟ್ಟದವರು ನಾವಿಬ್ಬರೇ. ಈಚೆಗೆ ಚಿಟಗುಪ್ಪದ ಒಂದು ಮದುವೆಯಲ್ಲಿ ಸಿಕ್ಕಿದ್ದರು. "ಆರಾಮ ಅದೀರೇನ್ರಿ?" ಅಂದರು. "ಆರಾಮ್ರಿ," ಅಂದೆ. ಅಷ್ಟರಲ್ಲಿ ಒಳಗಿನಿಂದ ನನ್ನ ಹೆಂಡತಿಯ, ಅವರ ಗಂಡನ ನಗು ಕೇಳಿಸಿತು. ನಾವಿಬ್ಬರೂ ಆ ಕಡೆ ತಿರುಗಲಿಲ್ಲ.