ಎರಡನೆಯ ಪ್ಲಗ್ಗು

ಇವತ್ತು ಬೆಳಿಗ್ಗೆ ಹಾಲು ತಂದು ಗೇಟಿನ ಮುಂದೆ ಗಾಡಿ ನಿಲ್ಲಿಸಿದಾಗ ಹಸಿ ಪೆಟ್ರೋಲಿನ ವಾಸನೆ ಮೂಗಿಗೆ ಬಡಿಯಿತು. ಎಂಜಿನ್ನು ಆಗಾಗ ಒಂದು ಬಡಿತವನ್ನು ನುಂಗುತ್ತಿತ್ತು. ಹದಿನೇಳು ವರ್ಷ ಒಂದೇ ಗಾಡಿಯ ಜೊತೆ ಬಾಳಿದವನಿಗೆ ಅಷ್ಟು ಸಾಕು. ಎರಡನೆಯ ಪ್ಲಗ್ಗು ಕೈಕೊಟ್ಟಿದೆ. ಗಾಡಿ ಆಫ್ ಮಾಡಿ, ಹಾಲಿನ ಪ್ಯಾಕೆಟ್ಟನ್ನು ಮಡಿಲಲ್ಲಿಟ್ಟುಕೊಂಡು ಮೆಟ್ಟಿಲ ಮೇಲೆ ಕುಳಿತೆ. ಅವಸರದಿಂದ ಹೋಗಬೇಕಾದದ್ದು ಎಲ್ಲಿಗೂ ಇಲ್ಲ, ನಿವೃತ್ತನಾಗಿ ಮೂರು ವರ್ಷವಾಯಿತು. ಆದರೂ ಆ ವಾಸನೆ ಬಂದರೆ ನನಗೆ ಮದ್ದೂರು ನೆನಪಾಗುತ್ತದೆ.

ನಿಮ್ಮ ಹತ್ತಿರ ಗಾಡಿಯಿದ್ದರೆ ಪ್ಲಗ್ಗಿನ ವಿಷಯ ಗೊತ್ತಿರುತ್ತದೆ. ಇಲ್ಲದಿದ್ದರೆ ಹೇಳುತ್ತೇನೆ, ಕಷ್ಟದ್ದೇನಲ್ಲ. ಎಂಜಿನ್ನಿನ ತಲೆಗೆ ಬೆರಳುದ್ದದ ಒಂದು ಪ್ಲಗ್ಗು ತಿರುಪಿರುತ್ತಾರೆ. ಅದು ಕಿಡಿ ಕೊಟ್ಟರೆ ಪೆಟ್ರೋಲು ಉರಿಯುತ್ತದೆ, ಗಾಡಿ ಓಡುತ್ತದೆ. ಮಸಿ ಕಟ್ಟಿದರೆ ಬಿಚ್ಚಿ, ಉಜ್ಜಿ, ಮತ್ತೆ ಹಾಕಬೇಕು. ನನ್ನ ಹಿಂದಿನ ಗಾಡಿಯಲ್ಲಿ ಈ ಕೆಲಸವನ್ನು ಎಲೆ ಅಡಿಕೆ ಹಾಕಿಕೊಳ್ಳುವಷ್ಟರಲ್ಲಿ ಮುಗಿಸುತ್ತಿದ್ದೆ. ಈ ಗಾಡಿಗೆ ಎರಡು ಪ್ಲಗ್ಗು. ಎರಡಿದ್ದರೆ ಮೈಲೇಜ್ ಜಾಸ್ತಿ ಎಂದು ಶೋರೂಮಿನಲ್ಲಿ ಹೇಳಿದ್ದರು. ನಾನೂ ಅದನ್ನು ನಂಬಿ, ಮಂಡ್ಯದ ಗುತ್ತಲಿನ ನಮ್ಮ ಬೀದಿಗೆಲ್ಲ ಹೇಳಿಕೊಂಡು ಓಡಾಡಿದ್ದೆ.

ಎಡಗಡೆಯ ಪ್ಲಗ್ಗು ಕಣ್ಣೆದುರಿಗೇ ಇದೆ. ಬಲಗಡೆಯದು ಫ್ರೇಮಿನ ಕಂಬಿಯ ಹಿಂದೆ, ಸಿಲೆನ್ಸರಿನ ಕೊಳವೆ ಬಾಗುವ ಸಂದಿಯಲ್ಲಿ ಅಡಗಿ ಕುಳಿತಿದೆ. ಅದನ್ನು ತೆಗೆಯಲು ಟ್ಯಾಂಕ್ ಇಳಿಸಬೇಕು ಎನ್ನುತ್ತದೆ ಗಾಡಿಯ ಜೊತೆ ಕೊಟ್ಟ ಪುಸ್ತಕ. ಟ್ಯಾಂಕ್ ಇಳಿಸಲು ಸೀಟು ಬಿಚ್ಚಬೇಕು, ಸೀಟಿನ ಬೋಲ್ಟು ಸಿಗಬೇಕಾದರೆ ಎರಡು ಬದಿಯ ಕವರುಗಳು ಬರಬೇಕು, ಆ ಕವರುಗಳಿಗೆ ಒಂದು ಕಡೆ ಸ್ಕ್ರೂ, ಇನ್ನೊಂದು ಕಡೆ ಎಳೆದರೆ ಮುರಿಯುವ ಪ್ಲಾಸ್ಟಿಕ್ ಮೂತಿ. ಹಿಂದಿನ ಚಕ್ರದ ಎಡಗಡೆ ನಟ್ಟಿಗೆ ಒಂದು ಸೈಜಿನ ಸ್ಪ್ಯಾನರ್, ಬಲಗಡೆಗೆ ಇನ್ನೊಂದು. ಎಂಜಿನ್ ಆಯಿಲ್ ಎಷ್ಟಿದೆ ಎಂದು ನೋಡುವ ಗಾಜಿನ ಕಿಂಡಿ ನೆಲದ ಮೇಲೆ ಕೆನ್ನೆಯಿಟ್ಟು ಮಲಗಿದವನಿಗೆ ಮಾತ್ರ ಕಾಣುತ್ತದೆ. ಇದನ್ನೆಲ್ಲ ಯೋಚಿಸಿದವನು ಬುದ್ಧಿವಂತನೇ ಇರಬೇಕು. ನಮ್ಮ ಮೇಲೆ ಅವನಿಗೇನು ಸಿಟ್ಟು ಎಂಬುದು ಮಾತ್ರ ನನಗೆ ಇವತ್ತಿಗೂ ಗೊತ್ತಾಗಿಲ್ಲ.

ಬೈಯುವ ಮುನ್ನ ನನ್ನದೂ ಒಂದು ಹೇಳಿಬಿಡುತ್ತೇನೆ. ಈ ಮನೆ ಕಟ್ಟಿಸುವಾಗ ನಾನೇ ಮುಂದೆ ನಿಂತು ನೀರಿನ ವಾಲ್ವನ್ನು ಅಡುಗೆಮನೆಯ ಕಲ್ಲಿನ ಕೆಳಗೆ, ಗೋಡೆಯ ಮೂಲೆಗೆ ಹಾಕಿಸಿದೆ. ಹೊರಗೆ ಕಂಡರೆ ಅಸಹ್ಯ ಎಂದೆ. ಅಲ್ಲಿಗೆ ನನ್ನ ಕೈ ಹೋಗುವುದಿಲ್ಲ. ಇಪ್ಪತ್ತೆರಡು ವರ್ಷದಿಂದ ನನ್ನಾಕೆ ನೆಲಕ್ಕೆ ಮಂಡಿಯೂರಿ, ಭುಜದವರೆಗೆ ಕೈ ತೂರಿಸಿ ಅದನ್ನು ತಿರುಗಿಸುತ್ತಿದ್ದಾಳೆ. ನನಗೆ ಇದರಲ್ಲಿ ತಪ್ಪೇನೂ ಕಂಡಿರಲಿಲ್ಲ.

ನಾನು ಪಶು ಇಲಾಖೆಯಲ್ಲಿ ಪರೀಕ್ಷಕನಾಗಿದ್ದೆ. ಮಳವಳ್ಳಿ ಕಡೆಯ ಹಳ್ಳಿಗಳಿಗೆ ಹೋಗಿ ಕುರಿ, ದನಗಳಿಗೆ ಲಸಿಕೆ ಹಾಕುವ ಕೆಲಸ. ಹಳ್ಳಿಯವರು ‘ಡಾಕ್ಟ್ರು’ ಎನ್ನುತ್ತಿದ್ದರು, ನಾನು ತಿದ್ದಲು ಹೋಗುತ್ತಿರಲಿಲ್ಲ. ಮಂಡ್ಯದಿಂದ ಮದ್ದೂರಿನ ಮೇಲೇ ಹೋಗುತ್ತಿದ್ದೆ. ವಡೆಯ ಆಸೆಗೆ ಎಂದುಕೊಳ್ಳಬೇಡಿ. ಮದ್ದೂರಿನಲ್ಲಿ ಪುಟ್ಟಸ್ವಾಮಿಯ ಗ್ಯಾರೇಜಿತ್ತು.

ಪುಟ್ಟಸ್ವಾಮಿ ದಪ್ಪ ಕೈಯ ಮೆಕ್ಯಾನಿಕ್. ಮೊದಲ ಸಲ ನನ್ನ ಗಾಡಿಯ ಆ ಸಂದಿಗೆ ಕೈ ಹಾಕಿದವನು ಮಣಿಕಟ್ಟಿನವರೆಗೂ ತಲುಪದೆ ಸಿಕ್ಕಿಕೊಂಡ. ಬಿಡಿಸಿಕೊಂಡು ಎದ್ದು ನಿಂತು, "ಇದ ಮಾಡ್ದೋನು ಒಂದಿನಾನೂ ಕೈಗೆ ಮಸಿ ಮಾಡ್ಕಂಡೋನಲ್ಲ ಕಣ್ ಸಾ" ಎಂದ. ಆಮೇಲೆ ಒಳಗೆ ತಿರುಗಿ, "ಬಾಮ್ಮಿ ಇಲ್ಲಿ, ನಿನ್ ಕೈ ಓಯ್ತದಾ ನೋಡು" ಎಂದು ಕೂಗಿದ.

ಹೊರಗೆ ಬಂದವಳು ಅವನ ಹೆಂಡತಿ ರತ್ನಮ್ಮ. ಗ್ಯಾರೇಜಿನ ಹಿಂದೆಯೇ ಅವರ ಮನೆ. ಸಣ್ಣ ಕೈ, ಉದ್ದ ಬೆರಳು. ಅವಳು ಹಳೆಯ ಸೈಕಲ್ ಟ್ಯೂಬಿನಿಂದ ಉಂಗುರದ ಹಾಗೆ ಒಂದು ತುಂಡು ಕತ್ತರಿಸಿದಳು. ಬಲಗೈಯ ಗಾಜಿನ ಬಳೆಗಳನ್ನೆಲ್ಲ ಮೊಣಕೈ ಹತ್ತಿರಕ್ಕೆ ಏರಿಸಿ, ಜಾರದಂತೆ ಆ ರಬ್ಬರನ್ನು ತೊಟ್ಟುಕೊಂಡಳು. ಬಳೆ ಬಿಚ್ಚಿಡಬಹುದಲ್ಲ ಎಂದು ನಾನು ಕೇಳಿದ್ದಕ್ಕೆ, "ಗಂಡ ಎದ್ರುಗೆ ನಿಂತವ್ನೆ, ಕೈ ಬೋಳು ಮಾಡ್ಕಳನಾ ಸಾ?" ಎಂದು ನಕ್ಕಳು. ಕೈ ಸಲೀಸಾಗಿ ಒಳಗೆ ಹೋಯಿತು. ಸ್ಪ್ಯಾನರನ್ನು ಕಣ್ಣಿಗೆ ಕಾಣದ ಕಡೆ ಕೂರಿಸಿ, ಮುಖವನ್ನು ಬೇರೆಲ್ಲೋ ತಿರುಗಿಸಿಕೊಂಡು, ಕಾಲು ಸುತ್ತು, ಕಾಲು ಸುತ್ತು ತಿರುಗಿಸಿ ಪ್ಲಗ್ಗು ತೆಗೆದಳು. ಟ್ಯಾಂಕ್ ಇಳಿಸುವ ಕೆಲಸ ತಪ್ಪಿತು.

ಅಲ್ಲಿಂದ ಮುಂದೆ ತಿಂಗಳಿಗೊಮ್ಮೆಯಾದರೂ ಅಲ್ಲಿ ನಿಲ್ಲುತ್ತಿದ್ದೆ. ಅವಳದ್ದು ಒಂದೇ ನಿಯಮ. ಚೊಂಬಿನಿಂದ ನೀರು ತೆಗೆದು ಸಿಲೆನ್ಸರಿಗೆ ಚಿಮುಕಿಸುವಳು. ಚುಂಯ್ ಎಂದರೆ ಕೈ ಹಾಕುವುದಿಲ್ಲ. ಸದ್ದು ಬರದಿದ್ದರೆ ಬಳೆ ಏರಿಸುವಳು.

ಒಂದು ದಿನ ನನ್ನ ಬೆನ್ನ ಹಿಂದೆ ಲಸಿಕೆಯ ಐಸ್ ಡಬ್ಬವಿತ್ತು. ಬಂಡೂರಿನಲ್ಲಿ ಕುರಿಗಳನ್ನು ಮೇಯಲು ಬಿಡದೆ ಕೊಟ್ಟಿಗೆಯಲ್ಲೇ ಕೂಡಿಹಾಕಿಕೊಂಡು ಕಾಯುತ್ತಿದ್ದರು. ಮದ್ದೂರು ಹತ್ತಿರ ಬರುವಾಗ ಗಾಡಿ ಬಡಿತ ನುಂಗಲು ಶುರುಮಾಡಿತು. ತಳ್ಳಿಕೊಂಡು ಗ್ಯಾರೇಜಿಗೆ ಬಂದೆ. ರತ್ನಮ್ಮ ನೀರು ಚಿಮುಕಿಸಿದಳು. ಚುಂಯ್ ಎಂದಿತು.

"ಕಾದ್ಬುಟ್ಟದೆ ಸಾ. ಅರ್ಧ ಗಂಟೆ ಆರ್ಲಿ, ಟೀ ಕುಡ್ಕಬನ್ನಿ" ಎಂದ ಪುಟ್ಟಸ್ವಾಮಿ.

"ಅರ್ಧ ಗಂಟೆ ಎಲ್ಲಿಂದ ತರ್ಲಪ್ಪ? ಐಸ್ ಕರಗ್ತಾ ಅದೆ. ಲಸಿಕೆ ಕೆಟ್ಟೋದ್ರೆ ಊರೋರು ನನ್ನ ಸುಮ್ನೆ ಬುಡ್ತಾರಾ?" ಎಂದು ನಾನು ರೇಗಿದೆ. ಹೌದು, ರೇಗಿದೆ. ಇಲಾಖೆಯಲ್ಲಿ ಮೇಲಿನವರಿಂದ ಬೈಸಿಕೊಂಡದ್ದನ್ನೆಲ್ಲ ಆ ಗ್ಯಾರೇಜಿನಲ್ಲಿ ಇಳಿಸಿದೆ.

ಗಂಡನೂ ನಾನೂ ಮಾತಿಗೆ ಮಾತು ಬೆಳೆಸುತ್ತಿದ್ದಾಗ ರತ್ನಮ್ಮ ಬಳೆ ಏರಿಸಿಕೊಂಡು, "ಬುಡಿ ಅತ್ಲಾಗೆ, ಕುರಿ ಕಾಯ್ತಾವಂತೆ" ಎಂದು ಒಂದು ಬಟ್ಟೆ ಸುತ್ತಿ ಕೈ ಹಾಕಿಯೇಬಿಟ್ಟಳು. ಪ್ಲಗ್ಗು ಬಂತು. ಅವಳ ಮುಖ ನನ್ನ ಕಡೆ ಇರಲಿಲ್ಲ. ಕೈ ಈಚೆಗೆ ಬರುವಾಗ ಬಟ್ಟೆ ಸರಿದು, ಮಣಿಕಟ್ಟಿನಿಂದ ಮೇಲೆ ಗೇಣುದ್ದ ಚರ್ಮ ಸಿಲೆನ್ಸರಿಗೆ ಅಂಟಿಕೊಂಡು ಸುಟ್ಟಿತು. ಚೊಂಬಿನೊಳಗೆ ಕೈಯದ್ದಿ ನೆಲದ ಮೇಲೆ ಕುಳಿತಳು. ಪುಟ್ಟಸ್ವಾಮಿ ಉಜ್ಜಿದ ಪ್ಲಗ್ಗನ್ನು ಆ ಸುಡುವ ಸಂದಿಯಲ್ಲಿ ಉದ್ದ ಮೂತಿಯ ಇಕ್ಕಳದಿಂದ ಸಿಕ್ಕಿಸಿ, ಆದಷ್ಟು ಬಿಗಿದ. ನಾನು ಹೊರಟೆ.

ಊರು ದಾಟಿದ ಮೇಲೆ ನೆನಪಾಯಿತು. ಗ್ಯಾರೇಜಿನ ಎದುರಿಗೇ ಕಬ್ಬಿನ ಹಾಲಿನ ಅಂಗಡಿಯಿತ್ತು. ಅಲ್ಲಿ ಗೋಣಿಚೀಲದಲ್ಲಿ ಸುತ್ತಿಟ್ಟ ಐಸಿನ ದಿಮ್ಮಿ ಇರುತ್ತಿತ್ತು. ಎಷ್ಟೋ ಸಲ ಅಲ್ಲೇ ನಿಂತು ಕಬ್ಬಿನ ಹಾಲು ಕುಡಿದವನು ನಾನು. ನಾಲ್ಕು ತುಂಡು ಕೇಳಿ ಡಬ್ಬಕ್ಕೆ ಹಾಕಿಕೊಂಡು ಅರ್ಧ ಗಂಟೆ ಕೂರಬಹುದಿತ್ತು. ಬಂಡೂರಿನ ಕುರಿಗಳಿಗೆಲ್ಲ ಲಸಿಕೆ ಹಾಕಿದೆ, ಒಂದು ಸೀಸೆಯೂ ಕೆಟ್ಟಿರಲಿಲ್ಲ. ಸಂಜೆ ಮದ್ದೂರಿಗೆ ಬರದೆ ಬೇರೆ ದಾರಿಯಲ್ಲಿ ಮಂಡ್ಯ ಸೇರಿದೆ.

ಎಡಗಡೆಯ ಪ್ಲಗ್ಗನ್ನಷ್ಟೇ ಉಜ್ಜಿಕೊಳ್ಳುತ್ತ ಆರು ತಿಂಗಳು ಬೇರೆ ದಾರಿಯಲ್ಲೇ ಓಡಾಡಿದೆ. ನಾಚಿಕೆ, ಅಷ್ಟೇ. ಹೋಗಿ ಏನು ಹೇಳಲಿ ಎಂದು ದಿನ ದೂಡಿದೆ. ದೂಡಿದಷ್ಟೂ ಹೇಳುವುದು ಕಷ್ಟವಾಯಿತು. ಕಡೆಗೆ ಗಾಡಿ ಹೆಜ್ಜೆಗೊಮ್ಮೆ ಮುಷ್ಕರ ಹೂಡತೊಡಗಿದಾಗ ಗತಿಯಿಲ್ಲದೆ ಅಲ್ಲಿಗೇ ಹೋಗಿ ನಿಲ್ಲಿಸಿದೆ. ಗ್ಯಾರೇಜಿನ ಬಾಗಿಲಲ್ಲಿ ರತ್ನಮ್ಮ ಕುಳಿತಿದ್ದಳು. ಬಲಗೈಯಲ್ಲಿ ಬಳೆಯಿರಲಿಲ್ಲ. ಸುಟ್ಟ ಜಾಗ ಇನ್ನೂ ಕೆಂಪಗೆ ಮಿರುಗುತ್ತಿತ್ತು. ನನ್ನನ್ನು ನೋಡಿ ಏಳಲೂ ಇಲ್ಲ.

"ಇಷ್ಟ್ ದಿನ ಯಾರ್ ಕೈ ಸುಡ್ತಿದ್ರಿ ಸಾ?" ಎಂದಳು.

ನಗುತ್ತಿದ್ದಳೋ ಇಲ್ಲವೋ ನನಗೆ ತಿಳಿಯಲಿಲ್ಲ. ಪುಟ್ಟಸ್ವಾಮಿ, "ಬಳೆ ಸೋಕಿದ್ರೆ ಉರೀತದೆ ಅಂತಾಳೆ ಸಾ. ಅವ್ಳಣ್ಣನ ಮಗಳ ಮದ್ವೆಗೆ ಎಲ್ಲಾ ಬಳೇನೂ ಎಡ್ಗೈಗೇ ಆಕ್ಕಂಡು ಬಂದ್ಲು. ಎಂಗಸ್ರೆಲ್ಲಾ ಏನಮ್ಮಿ ಇದು ಅಂತ ಕೇಳಿದ್ದೇ ಕೇಳಿದ್ದು" ಎಂದ. ರತ್ನಮ್ಮ ನೀರು ಚಿಮುಕಿಸಿ, ಸದ್ದು ಪೂರ್ತಿ ನಿಲ್ಲುವವರೆಗೂ ನನ್ನನ್ನು ಬೆಂಚಿನ ಮೇಲೆ ಕೂರಿಸಿ, ಆಮೇಲೆ ಪ್ಲಗ್ಗು ತೆಗೆದುಕೊಟ್ಟಳು. ಕೂತಿದ್ದ ಅಷ್ಟು ಹೊತ್ತೂ ಆಡಬೇಕಾದ ಒಂದು ಮಾತನ್ನು ಮನಸ್ಸಿನಲ್ಲೇ ಜೋಡಿಸಿಕೊಳ್ಳುತ್ತಿದ್ದೆ. ಆಡಲಿಲ್ಲ. ಮುಂದೆಯೂ ಎಷ್ಟೋ ಸಲ ಹೋದೆ, ಆಡಲಿಲ್ಲ. ಬೈಪಾಸ್ ಬಂದ ಮೇಲೆ ಗಾಡಿಗಳು ಕಡಿಮೆಯಾಗಿ, ಅವರು ಗ್ಯಾರೇಜ್ ಮುಚ್ಚಿ ಅದೇ ಜಾಗದಲ್ಲಿ ಹಿಟ್ಟಿನ ಗಿರಣಿ ಇಟ್ಟರೆಂದು ಯಾರೋ ಹೇಳಿದರು. ಆಮೇಲೆ ಗಾಡಿಯನ್ನು ಮಂಡ್ಯದ ಶೋರೂಮಿಗೇ ಬಿಡತೊಡಗಿದೆ, ಮದ್ದೂರಿಗೆ ಹೋಗಲು ನನಗೆ ನೆಪವೇ ಉಳಿಯಲಿಲ್ಲ.

ಮೆಟ್ಟಿಲ ಮೇಲೆ ಇದೇ ಯೋಚನೆಯಲ್ಲಿದ್ದೆ. ಹಾಲು ಎಲ್ಲಿ ಎಂದು ಕೇಳುತ್ತಾ ನನ್ನಾಕೆ ಹೊರಗೆ ಬಂದಳು. ನಾನು ಪ್ಲಗ್ಗಿನ ಜಾಗ ತೋರಿಸಿದೆ. ಬಗ್ಗಿ ನೋಡಿ, "ಅಡ್ಗೆಮನೆ ವಾಲ್ವಿಗಿಂತ ಇದು ವಾಸಿ. ತಡೀರಿ, ನಾನ್ ತಗೀತೀನಿ" ಎನ್ನುತ್ತ ಬಳೆ ಮೇಲಕ್ಕೆ ಸರಿಸಿ ಸಂದಿಗೆ ಕೈ ಇಳಿಸಿದಳು.

"ಕೈ ತೆಗಿ!" ಎಂದು ನಾನು ಕಿರುಚಿದ್ದು ಎದುರು ಮನೆಗೂ ಕೇಳಿಸಿರಬೇಕು. ಅವಳು ಬೆಚ್ಚಿ ಹಿಂದೆ ಸರಿದಳು. ಮುಖ ಊದಿಕೊಂಡಿತು. ನಾನು ಒಳಗಿನಿಂದ ಚೊಂಬು ತಂದು ಸಿಲೆನ್ಸರಿಗೆ ನೀರು ಚಿಮುಕಿಸಿದೆ. ಚುಂಯ್ ಎಂದಿತು. ಅವಳು ಒಮ್ಮೆ ಅದನ್ನು, ಒಮ್ಮೆ ನನ್ನನ್ನು ನೋಡಿದಳು.

ಹದಿನೇಳು ವರ್ಷದಲ್ಲಿ ಮೊದಲ ಸಲ ನಾನೇ ಪುಸ್ತಕದಲ್ಲಿ ಬರೆದ ಹಾಗೆ ಮಾಡಿದೆ. ಕವರು, ಸೀಟು, ಟ್ಯಾಂಕ್, ಒಂದೊಂದಾಗಿ. ಬಿಚ್ಚಿದ ಬೋಲ್ಟುಗಳನ್ನು ಅವಳು ಒಂದು ತಟ್ಟೆಯಲ್ಲಿ ಹಿಡಿದುಕೊಂಡು ಪಕ್ಕದಲ್ಲೇ ಕುಳಿತಳು. ಒಂದು ಪ್ಲಾಸ್ಟಿಕ್ ಮೂತಿ ಮುರಿಯಿತು, ನನ್ನ ಎರಡು ಬೆರಳು ತರಚಿದವು. ಕೆಲಸ ಮಾಡುತ್ತಲೇ ರತ್ನಮ್ಮನ ವಿಷಯವನ್ನೆಲ್ಲ ಹೇಳಿದೆ. ಕಬ್ಬಿನ ಹಾಲಿನ ಅಂಗಡಿಯ ಐಸನ್ನೂ ಬಚ್ಚಿಡಲಿಲ್ಲ.

"ತಪ್ಪಾಯ್ತು ಅಂತ ಒಂದ್ ಮಾತು ಅಂದ್ರಾ?" ಎಂದಳು.

"ಇಲ್ಲ."

ಅವಳು ಮುಂದಿನ ಬೋಲ್ಟನ್ನು ತಟ್ಟೆಯಿಂದ ಎತ್ತಿಕೊಟ್ಟಳು. ಬಿಸಿಲು ಅಂಗಳದ ಅರ್ಧಕ್ಕೆ ಬಂದಾಗ ಎಲ್ಲವನ್ನೂ ಮತ್ತೆ ಜೋಡಿಸಿ ಕಿಕ್ ಹೊಡೆದೆ. ಎಂಜಿನ್ನು ಒಂದು ಬಡಿತವನ್ನೂ ನುಂಗಲಿಲ್ಲ. ಸೊಂಟ ಹಿಡಿದುಕೊಂಡು ಒಳಗೆ ಹೋಗಿ ಒರಗಿಕೊಳ್ಳೋಣ ಎಂದುಕೊಂಡೆ. ಅವಳು ತಟ್ಟೆ ಕೆಳಗಿಟ್ಟು ಬಾಗಿಲಿಗೆ ಅಡ್ಡ ನಿಂತಳು.

"ಗಾಡಿ ಸ್ಟಾರ್ಟ್ ಆಯ್ತಲ್ಲ, ಮದ್ದೂರ್‌ಗೆ ಓಗಿ ಬನ್ನಿ. ಬಂದ್ಮೇಲೆ ಆ ವಾಲ್ವ್‌ನೂ ಕಿತ್ತು ಈಚೆಗಾಕ್ಸಿ."

ಕೈ ತೊಳೆದು ಹೆಲ್ಮೆಟ್ ಹಾಕಿಕೊಂಡೆ. ರಿಪೇರಿ ಏನೂ ಇಲ್ಲದ ಗಾಡಿಯನ್ನು ರತ್ನಮ್ಮನ ಬಾಗಿಲಲ್ಲಿ ನಿಲ್ಲಿಸಲು ಹೊರಟದ್ದು ಇದೇ ಮೊದಲು.